ಪಹಣಿಯ ಒಂಬತ್ತನೇ ಕಾಲಂ

ಮದ್ದೂರಿನ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೈಗೆ ಬಂದ ಕೂಡಲೇ ಜನರ ಕಣ್ಣು ಓಡುವುದು ಒಂಬತ್ತನೇ ಕಾಲಂ ಕಡೆಗೆ. ಸರ್ವೆ ನಂಬರು, ಖರಾಬು, ಕಂದಾಯ, ಮಣ್ಣಿನ ಬಗೆ ಎಲ್ಲ ಆಮೇಲೆ. ಒಂಬತ್ತರಲ್ಲಿ ಹೆಸರಿರುತ್ತದೆ. ಗಂಡಸಾದರೆ ಹೆಸರಿನ ಮುಂದೆ 'ಬಿನ್' ಎಂದು ಹಾಕಿ ಅಪ್ಪನ ಹೆಸರು. ಮದುವೆಯಾದ ಹೆಂಗಸಾದರೆ 'ಕೋಂ' ಎಂದು ಹಾಕಿ ಗಂಡನ ಹೆಸರು. ಬಿನ್ ಎಂಬುದು ಅರಬ್ಬಿಯಿಂದ ಬಂದು ಹಳೇ ಮೈಸೂರಿನ ಕಂದಾಯದ ಕಡತಗಳಲ್ಲಿ ಬೇರುಬಿಟ್ಟ ಮಾತು. ಮಗ ಕೊನೆತನಕ ಮಗನೇ, ಹಾಗಾಗಿ ಬಿನ್‌ಗೆ ಚಿಂತೆಯಿಲ್ಲ. ಕೋಂನ ಪಾಡು ಬೇರೆ. ಮಂಡ್ಯದ ಕೋರ್ಟಿನಲ್ಲಿ ವಿಚ್ಛೇದನದ ಡಿಕ್ರಿ ಆಗಿ ಗಂಡಹೆಂಡಿರು ಮುಖ ನೋಡುವುದನ್ನು ಬಿಟ್ಟ ಮೇಲೂ, ಅರ್ಜಿ ಕೊಟ್ಟು ತಿದ್ದಿಸುವ ತನಕ ಪಹಣಿಯಲ್ಲಿ ಆಕೆ ಅವನ ಕೋಂ ಆಗಿಯೇ ಉಳಿದಿರುತ್ತಾಳೆ.

ಆದರೆ ಅಂಥ ಕೋಂಗಳೇ ಅಪರೂಪ. ಮಂಡ್ಯ, ಮದ್ದೂರು, ಮಳವಳ್ಳಿಯ ಹೆಚ್ಚಿನ ದಾಂಪತ್ಯದ ವ್ಯಾಜ್ಯಗಳಲ್ಲಿ ಒಂಬತ್ತನೇ ಕಾಲಂನಲ್ಲಿ ಹೆಂಡತಿಯ ಹೆಸರಿರಲಿ, ಗಂಡನ ಹೆಸರೂ ಇರುವುದಿಲ್ಲ. ಅಲ್ಲಿರುವುದು ಮಾವನದೋ, ತೀರಿಕೊಂಡು ಎಷ್ಟೋ ವರ್ಷವಾದ ಅಜ್ಜನದೋ ಹೆಸರು. ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿದ್ದಾರೆ. ಇಂಥ ಜಮೀನಿನಲ್ಲಿ ಬಿಟ್ಟುಹೋದ ಹೆಂಡತಿಗೆ ಏನು ಬರುತ್ತದೆ? ಈ ಸೀಮೆಯಲ್ಲಿ ಈ ಪ್ರಶ್ನೆಗೆ ನೂರು ವರ್ಷದ ಇತಿಹಾಸವಿದೆ. ಅದರ ಒಂದು ತುದಿಯಲ್ಲಿ ಕಾಲುವೆ, ಇನ್ನೊಂದು ತುದಿಯಲ್ಲಿ ಹೆದ್ದಾರಿ.

ಕಾಲುವೆ ಬರುವ ಮೊದಲು ಇದು ರಾಗಿ, ಹುರುಳಿಯ ನಾಡು. ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಬಿಟ್ಟರೆ ಮಿಕ್ಕದ್ದೆಲ್ಲ ಮಳೆ ನಂಬಿದ ಹೊಲ. ಒಕ್ಕಲು ಮನೆಗಳಲ್ಲಿ ಮದುವೆಗೆ ಹಣ ಕೊಡುತ್ತಿದ್ದುದು ಗಂಡಿನ ಕಡೆಯವರು. ಅದಕ್ಕೆ 'ತೆರ' ಎಂದು ಹೆಸರು. ಹೊಲದಲ್ಲಿ ಗೇಯುವ ಎರಡು ಕೈಗಳನ್ನು ಒಂದು ಮನೆ ಕಳೆದುಕೊಳ್ಳುತ್ತಿತ್ತು, ಇನ್ನೊಂದು ಮನೆ ಪಡೆಯುತ್ತಿತ್ತು. ಲೆಕ್ಕ ಅಷ್ಟು ಸರಳ. ಗಂಡಹೆಂಡಿರಿಗೆ ಹೊಂದಿಕೆಯಾಗದಿದ್ದರೆ ಊರ ಹಿರಿಯರು, ಕುಲದ ಯಜಮಾನರು ಕೂತು ಬಿಡಿಸಿಬಿಡುತ್ತಿದ್ದರು. ಬಿಟ್ಟವಳು ಮತ್ತೊಬ್ಬನೊಂದಿಗೆ ಕೂಡಿಕೆಯಾದರೆ, ಸೀರುಡಿಕೆ ಮಾಡಿಕೊಂಡರೆ, ಮೊದಲಿನವನಿಗೆ ತೆರವೋ ಮದುವೆಯ ಖರ್ಚೋ ಹಿಂದಿರುಗಬೇಕಿತ್ತು; ಅವನು ಹಾಕಿದ್ದ ಒಡವೆಯೂ ಅಷ್ಟೆ. ಎಚ್.ವಿ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳಲ್ಲೂ, 1942ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಬರೆದ ಪುಸ್ತಕದಲ್ಲೂ ಈ ಲೋಕ ದಾಖಲಾಗಿದೆ. ಬಿಡುಗಡೆ ಎಂಬುದು ಆಗ ಒಡವೆ, ಹಣ, ಮಕ್ಕಳ ಲೆಕ್ಕ. ಜಮೀನಿನ ಮಾತು ಅಷ್ಟಾಗಿ ಬರುತ್ತಿರಲಿಲ್ಲ. ಜಮೀನು ಗಂಡನೊಬ್ಬನದಲ್ಲ, ಇಡೀ ಮನೆಯದು. ಅದಕ್ಕೆ ಆಗಿನ್ನೂ ಅಂಥ ಬೆಲೆಯೂ ಬಂದಿರಲಿಲ್ಲ.

ಬೆಲೆ ತಂದದ್ದು ನೀರು. ಕನ್ನಂಬಾಡಿಯಲ್ಲಿ 1911ರಲ್ಲಿ ಶುರುವಾದ ಅಣೆಕಟ್ಟಿನಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಸುರಂಗ ಹಾದು 1930ರ ದಶಕದಲ್ಲಿ ಈ ಬಯಲಿಗೆ ನೀರು ಹರಿಸಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ಜನರ ಬಾಯಲ್ಲಿ ಮೈಷುಗರ್, ಹುಟ್ಟಿತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಕಾರ್ಖಾನೆಯಿಂದ ರೈತನ ಕೈಗೆ ನಗದು ಬರತೊಡಗಿತು. 1939ರಲ್ಲಿ ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ಕಾಲುವೆಯ ಮಗ್ಗುಲಿನ ಎಕರೆಗೂ ಕಾಲುವೆ ಹತ್ತದ ಎಕರೆಗೂ ಅಜಗಜಾಂತರವಾಯಿತು. ನಾಲೆಯ ಬಾಲದ ಕಡೆಗಿರುವ ಮಳವಳ್ಳಿಯವರು ನೀರಿಗಾಗಿ ಇಂದಿಗೂ ಗೊಣಗುವುದು ಈ ಅಂತರವನ್ನೇ.

ಅದೇ 1933ರಲ್ಲಿ ಮೈಸೂರು ಸಂಸ್ಥಾನ ಇನ್ನೊಂದು ಕೆಲಸವನ್ನೂ ಮಾಡಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಹಿಂದೂ ಕಾಯ್ದೆಯಲ್ಲಿ ಹೆಂಗಸರಿಗೆ ಏನಿದೆ, ಏನಿಲ್ಲ ಎಂದು ನೋಡಲು ಚಂದ್ರಶೇಖರ ಅಯ್ಯರ್ ಅವರ ನೇತೃತ್ವದಲ್ಲಿ ಕೂತ ಸಮಿತಿಯ ಕೆಲಸದ ಫಲವಾಗಿ ಮೈಸೂರು ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ ಬಂತು. ಬ್ರಿಟಿಷ್ ಇಂಡಿಯಾದ ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ. ಮೈಸೂರು ನಾಲ್ಕು ವರ್ಷ ಮುಂದಿತ್ತು.

ಆ ಕಾಯ್ದೆ ಸ್ತ್ರೀಧನ ಎಂದರೆ ಏನು ಎಂಬುದನ್ನು ಬಿಡಿಸಿ ಹೇಳಿತು. ಅಪ್ಪಮಕ್ಕಳು ಭಾಗವಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲಿಡಬೇಕು ಎಂದಿತು. ಪಾಲು ಗಂಡುಮಕ್ಕಳದಕ್ಕಿಂತ ಕಡಿಮೆ, ಆದರೂ ಪಾಲು. ವಿಚ್ಛೇದನವನ್ನು ಮಾತ್ರ ಅದು ಮುಟ್ಟಲಿಲ್ಲ. ಶಾಸ್ತ್ರದ ಮದುವೆ ಮುರಿಯುವುದಿಲ್ಲ ಎಂಬುದು ಕೋರ್ಟಿನ ಹಿಂದೂ ಕಾಯ್ದೆ. ಮುರಿದರೆ ಹಿರಿಯರು ಕೂತು ತೀರಿಸುತ್ತಾರೆ ಎಂಬುದು ಊರಿನ ರೂಢಿ. ಒಂದು ಕಬ್ಬಿನ ಗದ್ದೆ ಈ ಎರಡರ ನಡುವೆ ಸಿಕ್ಕಿಕೊಂಡದ್ದು ಹೀಗೆ.

ಇಬ್ಬರಿಗೂ ಒಪ್ಪಿಗೆಯಾಗುವ ಉಪಾಯವೊಂದು ರೂಢಿಯಲ್ಲಿತ್ತು. ಗಂಡ ಬೇರೆ ಮದುವೆಯಾಗುತ್ತಾನೆ, ಮೊದಲನೆಯವಳು ಬೇರೆ ಇರುತ್ತಾಳೆ, ಅವಳ ಹೊಟ್ಟೆಬಟ್ಟೆಗೆಂದು ಒಂದಿಷ್ಟು ನೆಲ ಬಿಟ್ಟುಕೊಡುತ್ತಾರೆ. ಅನ್ನವಸ್ತ್ರಕ್ಕೆ, ಜೀವನಾಂಶಕ್ಕೆ ಬಿಟ್ಟ ಜಮೀನು ಅದು. ಬದುಕಿರುವ ತನಕ ಉಂಡುಕೊಂಡಿರಬೇಕು, ಮಾರುವ ಹಾಗಿಲ್ಲ, ಸತ್ತ ಮೇಲೆ ಗಂಡನ ಮನೆಗೇ ವಾಪಸು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಹೆಂಗಸಿನ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆಯೇ ಪೂರ್ತಿ ಒಡತಿ ಎಂದಿತು. ಜೀವನಾಂಶಕ್ಕೆ ಬಿಟ್ಟದ್ದಕ್ಕೂ ಇದು ಅನ್ವಯವೇ ಎಂಬ ಜಗಳ ಇಪ್ಪತ್ತು ವರ್ಷ ನಡೆಯಿತು. ಆಂಧ್ರದ ತುಳಸಮ್ಮ ಎಂಬ ವಿಧವೆಯ ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು, ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿಯಾದರೆ ಅನ್ವಯವೇ ಎಂದು ಹೇಳಿತು. ಬದುಕಿರುವ ತನಕ ಉಂಡುಕೊಂಡಿರಲಿ ಎಂದು ಬಿಟ್ಟ ಗದ್ದೆ ಅಂಥ ಹೆಂಗಸರ ಸ್ವಂತದ್ದಾಗಿಬಿಟ್ಟಿತ್ತು. ಅವರ ಬಳಿ ಒಂದು ತುಂಡು ಕಾಗದವೂ ಕೆಲವು ಪಹಣಿ ನಮೂದುಗಳೂ ಇದ್ದರೆ ಸಾಕಿತ್ತು.

ಉತ್ತರಾಧಿಕಾರ ಕಾಯ್ದೆಗೆ ಒಂದು ವರ್ಷ ಮೊದಲು, 1955ರಲ್ಲಿ, ಹಿಂದೂ ವಿವಾಹ ಕಾಯ್ದೆ ಬಂದಿತ್ತು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಬ್ರಿಟಿಷ್ ವಿದ್ವಾಂಸೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಠಿಕಾಣಿ ಹೂಡಿದ್ದುದು ಅದೇ ಕಾಲದಲ್ಲಿ. ನಾಲೆ ನೀರು ಸಿಕ್ಕ ಊರಿಗೆ ವಂಗಲ, ಸಿಗದ ಊರಿಗೆ ದಲೆನ ಎಂದು ಮರೆಹೆಸರಿಟ್ಟು 1962ರಲ್ಲಿ ಪುಸ್ತಕ ಬರೆದರು. ಕೆಲವರ್ಷ ಬಿಟ್ಟು ಮತ್ತೆ ಬಂದಾಗ ಅವರ ಕಣ್ಣಿಗೆ ಬಿದ್ದ ಬದಲಾವಣೆಗಳಲ್ಲಿ ಒಂದು, ಉಳ್ಳ ಒಕ್ಕಲು ಮನೆಗಳಲ್ಲಿ ತೆರ ಹಿಂದೆ ಸರಿದು ವರದಕ್ಷಿಣೆ ತಲೆಹಾಕುತ್ತಿದ್ದುದು. ಹಣ ಹರಿಯುವ ದಿಕ್ಕೇ ಬದಲಾಯಿತು. ಹಿಂದೆ ಮದುವೆ ಮುರಿದರೆ ಹೆಣ್ಣಿನ ಕಡೆಯವರು ಹಣ ಹಿಂತಿರುಗಿಸಬೇಕಿತ್ತು. ಈಗ ಗಂಡಿನ ಕಡೆಯವರಿಂದ ಒಡವೆ, ಹಣ, ಪಾತ್ರೆಪಗಡ ವಸೂಲು ಮಾಡುವುದು ಹೆಣ್ಣಿನ ಕಡೆಯವರ ಪಾಲಿಗೆ ಬಂತು.

ವಸೂಲಿಗೆ ಪುರಾವೆ ಬೇಕಲ್ಲ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ, ಹಾಗಾಗಿ ರಸೀದಿ ಬರೆಯುವವರು ಯಾರೂ ಇಲ್ಲ. ಮದುವೆಗೆ ಬಂದ ಉಡುಗೊರೆಗಳ ಪಟ್ಟಿ ಮಾಡಿ ವಧೂವರರು ಸಹಿ ಹಾಕಬೇಕು ಎಂದು 1985ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಮಂಡ್ಯ ಸೀಮೆಯ ಛತ್ರಗಳಲ್ಲಿ ಪಟ್ಟಿಯೇನೋ ಆಗುತ್ತದೆ, ಆದರೆ ಬೇರೆ ಕಾರಣಕ್ಕೆ. ಧಾರೆ ಮುಗಿದು ಜನ ಊಟದ ಪಂಕ್ತಿಗೆ ನುಗ್ಗುವ ಹೊತ್ತಿಗೆ, ಮುಯ್ಯಿ ಬರೆದುಕೊಳ್ಳಲು ನೋಟುಬುಕ್ಕು ಹಿಡಿದು ಒಬ್ಬ ಕೂತಿರುತ್ತಾನೆ. ಯಾವ ಊರಿನ ಯಾರು, ಎಷ್ಟು ರೂಪಾಯಿ, ಯಾವ ಪಾತ್ರೆ. ನಾಳೆ ಅವರ ಮನೆಯ ಮದುವೆಗೆ ಅಷ್ಟನ್ನು ತೀರಿಸಬೇಕು, ಅದಕ್ಕಾಗಿ ಈ ಲೆಕ್ಕ. ಚಿನ್ನದಂಗಡಿಯ ಬಿಲ್ಲು ಮತ್ತು ಮದುವೆಯ ಫೋಟೊ ಆಲ್ಬಮ್ಮಿನ ಜೊತೆಗೆ ಇಂಥ ಪುಸ್ತಕವೂ ಸಾಕ್ಷಿಯಾಗಿ ನಿಲ್ಲಬಲ್ಲದು. ವಧುವಿಗೆ ಬಂದ ಸ್ತ್ರೀಧನ ಆಕೆಯದೇ, ಗಂಡನ ಮನೆಯವರು ಕೇವಲ ಇಟ್ಟುಕೊಂಡವರು, ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಸುಪ್ರೀಂ ಕೋರ್ಟು ಹೇಳಿದ್ದೂ ಅದೇ 1985ರಲ್ಲಿ, ಪ್ರತಿಭಾ ರಾಣಿ ಪ್ರಕರಣದಲ್ಲಿ. ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಸಂದರ್ಭದಲ್ಲಿ ಬಂದು ಇಬ್ಬರಿಗೂ ಸೇರಿದ ವಸ್ತುಗಳನ್ನು ಹಂಚಲು ಕೋರ್ಟಿಗೆ ಅಧಿಕಾರ ಕೊಡುತ್ತದೆ. ಬೀರು, ಮಂಚ, ಒಡವೆಗೆ ಹೀಗೊಂದು ದಾರಿಯಾಯಿತು. ಹತ್ತು ವರ್ಷ ಇಬ್ಬರೂ ಸೇರಿ ಗೇಯ್ದ ಗದ್ದೆಗೆ ಆ ಕಲಂನಲ್ಲಿ ಜಾಗವಿಲ್ಲ.

ಹಿರಿಯರ ಪಂಚಾಯ್ತಿ ಅಷ್ಟರಲ್ಲಿ ಹೊಸ ವೇಷ ತೊಟ್ಟಿತ್ತು. ಬಾಯಿಮಾತಿನ ಜಾಗಕ್ಕೆ ಛಾಪಾಕಾಗದ ಬಂತು. 'ಇನ್ನು ಮುಂದೆ ನಮ್ಮಿಬ್ಬರಿಗೂ ಯಾವ ಸಂಬಂಧವೂ ಇರುವುದಿಲ್ಲ' ಎಂಬ ಅರ್ಥದ ಬಿಡುಗಡೆ ಪತ್ರಕ್ಕೆ ಇಬ್ಬರ ಸಹಿ, ನಾಲ್ಕು ಸಾಕ್ಷಿ, ಒಂದಿಷ್ಟು ನಗದು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಸೋಡಚೀಟಿ ಎನ್ನುತ್ತಾರೆ. ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ, ನಿಜ. ಆದರೆ ಅಂಥ ರೂಢಿ ತಮ್ಮ ಕುಲದಲ್ಲಿದೆ ಎಂದು ಹೇಳಿಕೊಳ್ಳುವವರು ಅದನ್ನು ಸಾಕ್ಷ್ಯ ಕೊಟ್ಟು ಸಾಬೀತು ಮಾಡಬೇಕು. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಇದನ್ನು ಖಡಕ್ಕಾಗಿ ಹೇಳಿತು. ರೂಢಿ ಸಾಬೀತಾಗದಿದ್ದರೆ ಛಾಪಾಕಾಗದ ಬರೀ ಕಾಗದ.

ಕಾಗದ ಸುಳ್ಳಾದರೆ ಏನಾಗುತ್ತದೆ ಎಂಬುದು ಗೊತ್ತಾಗುವುದು ಸಾಮಾನ್ಯವಾಗಿ ಗಂಡ ಸತ್ತ ಮೇಲೆ. ಎರಡನೆಯವಳೂ ಅವಳ ಮಕ್ಕಳೂ ಪೌತಿ ಖಾತೆಗೆ ಅರ್ಜಿ ಹಾಕುತ್ತಾರೆ. ತಕರಾರಿಗೆ ಅವಧಿ ಇರುತ್ತದೆ. ಮೊದಲನೆಯವಳು ತವರಿನಿಂದ ಹಳೆಯ ಲಗ್ನಪತ್ರಿಕೆ ಹಿಡಿದು ಬರುತ್ತಾಳೆ. ಕಾನೂನಿನ ಕಣ್ಣಿನಲ್ಲಿ ಆಕೆ ಹೆಂಡತಿಯಾಗಿಯೇ ಉಳಿದಿದ್ದಾಳೆ, ಈಗ ವಿಧವೆ, ಮೊದಲ ದರ್ಜೆಯ ವಾರಸುದಾರಳು. ಜೊತೆಯಲ್ಲೇ ಬಾಳಿದ ಎರಡನೆಯವಳಿಗೆ ಹೆಂಡತಿಯ ಪಾಲು ಇಲ್ಲ. ಅವಳ ಮಕ್ಕಳಿಗೆ? ಕರ್ನಾಟಕದ್ದೇ ಆದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು: ಅಸಿಂಧು ಮದುವೆಯ ಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಹಕ್ಕುಂಟು, ಪಿತ್ರಾರ್ಜಿತದಲ್ಲಿ ತಂದೆಯ ಪಾಲಿಗೆ ಎಷ್ಟು ಬರುತ್ತಿತ್ತೋ ಅಷ್ಟರಲ್ಲಿ.

ಕೋರ್ಟಿಗೆ ಹೋಗುವುದೇ ಸರಿ ಎಂದುಕೊಂಡವರಿಗೆ ಯಾವ ಕೋರ್ಟು ಎಂಬುದೂ ಗೊಂದಲವಾಗಿತ್ತು. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಗಂಡಹೆಂಡಿರ ಆಸ್ತಿ ವ್ಯಾಜ್ಯವನ್ನೂ ಆ ನ್ಯಾಯಾಲಯಕ್ಕೇ ಕೊಟ್ಟಿದೆ. ವಿಚ್ಛೇದನ ಆದವರು ಗಂಡಹೆಂಡಿರಲ್ಲವಲ್ಲ, ಅವರು ಸಿವಿಲ್ ಕೋರ್ಟಿಗೆ ಹೋಗಲಿ ಎಂಬ ವಾದ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮಾಜಿಗಳಾದರೂ ಇಲ್ಲಿಗೇ ಬರಬಹುದು ಎಂದು 2003ರಲ್ಲಿ ಇತ್ಯರ್ಥವಾಯಿತು. ಮಂಡ್ಯದ ಕುಟುಂಬ ನ್ಯಾಯಾಲಯಕ್ಕೆ ಬರುವ ಪಟ್ಟಣದ ಜಗಳಗಳಿಗೆ ಬೇರೆಯೇ ರೂಪ. ಹೆಂಡತಿಯ ಹೆಸರಿನಲ್ಲಿ ಸೈಟು, ಗಂಡನ ಸಂಬಳದಿಂದ ಸಾಲದ ಕಂತು. ಇಲ್ಲವೇ ಗಂಡನ ಹೆಸರಿನ ಮನೆಗೆ ಹೆಂಡತಿಯ ಒಡವೆ ಅಡವಿಟ್ಟು ತಾರಸಿ. ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಮಾಲೀಕರು ಅವರೇ ಎಂದು ಕೋರ್ಟು ಹೊರಡುತ್ತದೆ. ಹಣ ತನ್ನದು ಎನ್ನುವವರು ಅದನ್ನು ತೋರಿಸಬೇಕು. 1988ರ ಬೇನಾಮಿ ಕಾಯ್ದೆ ಹೆಂಡತಿಯ ಹೆಸರಿನಲ್ಲಿ ಕೊಂಡದ್ದಕ್ಕೆ ವಿನಾಯಿತಿ ಕೊಟ್ಟಿತು, ಜೊತೆಗೇ ಅದು ಆಕೆಯ ಒಳಿತಿಗೆ ಕೊಂಡದ್ದು ಎಂದು ಭಾವಿಸಬೇಕು ಎಂದೂ ಹೇಳಿತು. ತೆರಿಗೆ ಉಳಿಸಲೆಂದೋ ಅಣ್ಣತಮ್ಮಂದಿರ ಕಣ್ಣು ತಪ್ಪಿಸಲೆಂದೋ ಹೆಂಡತಿಯ ಹೆಸರಿಗೆ ಸೈಟು ಮಾಡಿಸಿದ ಎಷ್ಟೋ ಗಂಡಂದಿರಿಗೆ ಈ ಸಾಲು ಅರ್ಥವಾದದ್ದು ವಿಚ್ಛೇದನದ ನೋಟಿಸು ಬಂದ ಮೇಲೆ.

ಹಳ್ಳಿಯ ಗಂಡನ ಉತ್ತರ ಬೇರೆ. 'ನನ್ನ ಹೆಸರಿನಲ್ಲಿ ಏನೂ ಇಲ್ಲ, ಎಲ್ಲ ನಮ್ಮಪ್ಪನದು.' ಪಹಣಿ ತೆಗೆಸಿದರೆ ಆ ಮಾತು ನಿಜವೇ ಆಗಿರುತ್ತದೆ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ, ಫಾರಂ 7 ತುಂಬಿ ಗೇಣಿ ಜಮೀನಿನ ಹಕ್ಕು ಪಡೆದ ಮನೆಗಳಲ್ಲೂ ಅರ್ಜಿದಾರ ಸಾಮಾನ್ಯವಾಗಿ ಮನೆಯ ಹಿರಿಯ ಗಂಡಸು. ಉಳುವವನೇ ಒಡೆಯ ಎಂದಾಗ, ನಾಟಿ ಹಾಕಿದ, ಕಳೆ ಕಿತ್ತ ಹೆಂಗಸರ ಹೆಸರು ಒಂಬತ್ತನೇ ಕಾಲಂಗೆ ಬರಲಿಲ್ಲ. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ತಮ್ಮ ಆಸ್ತಿಪಾಸ್ತಿಯನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಕಡ್ಡಾಯ ಮಾಡಿತು. ಅಪ್ಪನ ಹೆಸರಿನಲ್ಲಿರುವ ಗದ್ದೆಯ ಕಬ್ಬಿನ ಬಿಲ್ಲು ಯಾರ ಖಾತೆಗೆ ಬೀಳುತ್ತದೆ ಎಂಬುದು ಈಗ ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು.

ಇಲ್ಲಿ ಕಂಪ್ಯೂಟರು ಸದ್ದಿಲ್ಲದೆ ಒಂದು ಪಾತ್ರ ವಹಿಸಿತು. ಗ್ರಾಮಲೆಕ್ಕಿಗರ ಬಗಲಿನ ಪುಸ್ತಕದಲ್ಲಿದ್ದ ಪಹಣಿ 1990ರ ದಶಕದ ಕೊನೆಯಲ್ಲಿ 'ಭೂಮಿ' ಯೋಜನೆಯಡಿ ಕಂಪ್ಯೂಟರಿಗೆ ಏರಿತು. ಮೊದಲು ಪ್ರಯೋಗ ನಡೆದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಹೀಗೆ ಏರಿದವು. 15 ರೂಪಾಯಿ ಕೊಟ್ಟರೆ ಯಾರ ಪಹಣಿಯನ್ನು ಯಾರು ಬೇಕಾದರೂ ತೆಗೆಸಬಹುದಾಯಿತು. ಲೆಕ್ಕಿಗರು ಊರಿನವರ ಮುಲಾಜಿಗೆ ಸಿಕ್ಕಿ ತೋರಿಸದಿದ್ದ ಪುಟವನ್ನು, ಊರು ಬಿಟ್ಟುಹೋದ ಸೊಸೆ ಕೌಂಟರಿನಲ್ಲಿ ನಿಂತು ಪಡೆಯುವಂತಾಯಿತು. ಜಮೀನು ಮಾವನ ಹೆಸರಿನಿಂದ ಮೈದುನನ ಹೆಸರಿಗೆ ಯಾವ ತಿಂಗಳು ಹಾರಿತು, ಅದು ತನ್ನ ಕೇಸು ದಾಖಲಾಗುವ ಮುಂಚೆಯೋ ಆಮೇಲೆಯೋ ಎಂಬುದು ಹತ್ತನೇ ಕಾಲಂನ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು ಹಿಡಿದು ಹೋದರೆ ತಿಳಿಯುತ್ತದೆ.

ಹನ್ನೊಂದನೇ ಕಾಲಮ್ಮೂ ಒಂದಿದೆ: ಇತರ ಹಕ್ಕುಗಳು ಮತ್ತು ಋಣಗಳು. ಹೆಚ್ಚಾಗಿ ಅಲ್ಲಿ ಕಾಣುವುದು ಬ್ಯಾಂಕಿನ, ಸೊಸೈಟಿಯ ಬೆಳೆಸಾಲ. ವಿವಾಹ ಕಾಯ್ದೆಯ 25ನೇ ಕಲಂ ಪ್ರಕಾರ ಶಾಶ್ವತ ಜೀವನಾಂಶವನ್ನು ಗಂಡನ ಸ್ಥಿರಾಸ್ತಿಯ ಮೇಲೆ ಋಣವಾಗಿ ಹೊರಿಸಲು ಕೋರ್ಟಿಗೆ ಬರುತ್ತದೆ. ಹೊರಿಸಿದ್ದು ಪಹಣಿಗೂ ಋಣಭಾರ ಪ್ರಮಾಣಪತ್ರಕ್ಕೂ (ಇ.ಸಿ.) ಇಳಿದರೆ ಜಮೀನು ಕೊಳ್ಳುವವನು ಹಿಂದೆಗೆಯುತ್ತಾನೆ. ಇಳಿಸಲು ಡಿಕ್ರಿಯ ನಕಲು ಹಿಡಿದು ಯಾರಾದರೂ ತಾಲ್ಲೂಕು ಕಚೇರಿಗೆ ಅಲೆಯಬೇಕು.

ಹೆಂಗಸರಿಗೆ ನೆಲ ಕೊಡುವ ಕೆಲಸವನ್ನು ಕಾನೂನು ಮಾಡಿತು, ಆದರೆ ಬೇರೆ ಬಾಗಿಲಿನಿಂದ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಪಾಲುದಾರರನ್ನಾಗಿ ಮಾಡಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. ಅಪ್ಪ ಬದುಕಿರಬೇಕೆಂಬ ಷರತ್ತೂ ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ 2020ರ ಆಗಸ್ಟಿನ ತೀರ್ಪು ಹೇಳಿತು. ಪಾಲು ಬಂದದ್ದು ತವರಿನಲ್ಲಿ, ದುಡಿದದ್ದು ಗಂಡನ ಮನೆಯಲ್ಲಿ. ಗಂಡನನ್ನು ಬಿಟ್ಟು ಬಂದವಳಿಗೆ ಆಸರೆ ಕೊಡಬೇಕಾದ ಅಣ್ಣತಮ್ಮಂದಿರೇ ಪಾಲಿನ ವಿಷಯದಲ್ಲಿ ಎದುರಾಳಿಗಳು. ಮದುವೆಯ ಸಾಲ ತೀರಿಸಿದ ಲೆಕ್ಕ ಮುಂದಿಟ್ಟು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರುವುದು ಎಷ್ಟೋ ಮನೆಗಳ ಕಥೆ.

ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಎಂಬ ಮಾತು ಒಮ್ಮೆ ಸಂಸತ್ತಿನವರೆಗೂ ಹೋಗಿತ್ತು. ವಿಚ್ಛೇದನದ ಹೊತ್ತಿಗೆ ಗಂಡನ ಸ್ಥಿರಾಸ್ತಿಯನ್ನು ಲೆಕ್ಕಕ್ಕೆ ಹಿಡಿದು ಪರಿಹಾರ ಕೊಡಿಸುವ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಗೆ 2013ರ ಆಗಸ್ಟಿನಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟಿತು. ಲೋಕಸಭೆಯಲ್ಲಿ ಅದು ಪಾಸಾಗಲಿಲ್ಲ. ಮರುವರ್ಷ ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಂಹಿತೆ ಇನ್ನೂ ನಡೆಯುತ್ತಿದೆ. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಅಲ್ಲಿ ಮದುವೆಯ ದಿನದಿಂದಲೇ ಗಂಡಹೆಂಡಿರ ಆಸ್ತಿ ಇಬ್ಬರದೂ.

ನೀರು ಒಮ್ಮೆ ಏರಿಸಿದ ನೆಲದ ಬೆಲೆಯನ್ನು ರಸ್ತೆ ಮತ್ತೊಮ್ಮೆ ಏರಿಸಿತು. ಬೆಂಗಳೂರು–ಮೈಸೂರು ದಶಪಥದ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಅದಕ್ಕೆ ಕೆಲವೇ ದಿನ ಮೊದಲು, ಫೆಬ್ರವರಿಯಲ್ಲಿ, ಅದೇ ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳು ಪಾದಯಾತ್ರೆ ಹೊರಟಿದ್ದರು. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಅವರ ಅಳಲು. ಜಮೀನಿಗೆ ಇನ್ನಿಲ್ಲದ ಬೆಲೆ ಬಂದ ಕಾಲಕ್ಕೇ ಜಮೀನು ನೋಡಿ ಹೆಣ್ಣು ಕೊಡುವ ಕಾಲ ಮುಗಿದಿತ್ತು.

ಹೆದ್ದಾರಿಗೆ ಹೋದ ನೆಲಕ್ಕೆ ಪರಿಹಾರ ಬಂದಾಗ ಅದು ಒಂಬತ್ತನೇ ಕಾಲಂ ನೋಡಿಕೊಂಡೇ ಬರುತ್ತದೆ. ಹಂಚಿಕೆಯಲ್ಲಿ ತಕರಾರಿದ್ದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಭೂಸ್ವಾಧೀನಾಧಿಕಾರಿ ಅದನ್ನು ಸಿವಿಲ್ ಕೋರ್ಟಿಗೆ ಕಳಿಸಬೇಕು. ವಿಚ್ಛೇದನವಾದ ಹೆಂಡತಿ ತಾನಾಗಿ ಅಲ್ಲಿ ನಿಲ್ಲಲು ಬರುವುದಿಲ್ಲ. ಆ ಮನೆಯ ನೆಲದಲ್ಲಿ ಅವಳಿಗೆ ಪಾಲಿಲ್ಲ. ಅವಳ ಮಕ್ಕಳಿಗಿದೆ. ಪಿತ್ರಾರ್ಜಿತವಾದರೆ ಗಂಡಾಗಲಿ ಹೆಣ್ಣಾಗಲಿ ಮಗುವಿಗೆ ಹುಟ್ಟಿನಿಂದಲೇ ಪಾಲು. ಹಾಗಾಗಿ ಈ ತಾಲ್ಲೂಕುಗಳ ವಕೀಲರು ಇಂಥ ಪ್ರಕರಣಗಳಲ್ಲಿ ಹಿಡಿಯುವ ದಾರಿ ಪಾಲುವಿಭಾಗದ ದಾವೆ. ಪ್ರತಿವಾದಿಗಳು ಅಜ್ಜ, ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ. ವಾದಿಯ ಜಾಗದಲ್ಲಿ ಎಂಟೋ ಹತ್ತೋ ವರ್ಷದ ಮಗುವಿನ ಹೆಸರು, ಅದರ ಕೆಳಗೆ ಒಂದು ಸಾಲು: ಮೈನರ್ ಆದ್ದರಿಂದ ತಾಯಿ ಮತ್ತು ಪೋಷಕಿಯ ಮೂಲಕ. ಆ ಸಾಲಿನಲ್ಲಿ ಅವಳ ಹೆಸರಿನ ಮುಂದೆ ಕೋಂ ಎಂದು ಹಾಕಬೇಕೋ ಬೇಡವೋ ಎಂದು ಬೆರಳಚ್ಚು ಹೊಡೆಯುವವನು ವಕೀಲರನ್ನೊಮ್ಮೆ ಕೇಳುತ್ತಾನೆ.